ಬಿಟ್ಟು ಬರಲಾಗದ್ದು

ಊರು ಬಿಟ್ಟು ಹೋದವನು ಹಿಂದಿರುಗಿ ಬಂದರೆ ನಮ್ಮ ಕಡೆ ಎರಡು ಬಗೆಯ ಮಾತು ಹುಟ್ಟುತ್ತದೆ. 'ಎಷ್ಟು ದೂರ ಹೋದರೂ ಮನೆಯನ್ನು ಮರೆಯಲಿಲ್ಲ, ಒಳ್ಳೆಯ ಹುಡುಗ' ಎಂದು ಒಬ್ಬರು ಹೇಳಿದರೆ, 'ಅಲ್ಲಿ ಏನೂ ಗಿಟ್ಟಲಿಲ್ಲವೆಂದು ಕಾಣುತ್ತದೆ, ಅದಕ್ಕೇ ಬಂದ' ಎಂದು ಅರಳಿಕಟ್ಟೆಯ ಮೇಲೆ ಕುಳಿತ ಇನ್ನೊಬ್ಬರು ಹೇಳುತ್ತಾರೆ. ಬಂದವನು ಒಬ್ಬನೇ, ಬಂದ ಬಸ್ಸೂ ಒಂದೇ. ಅವನ ಬರವಿಗೆ ಮಾತ್ರ ಅರ್ಥ ಎರಡು. ಮನುಷ್ಯನ ವಿಷಯದಲ್ಲಿ ಹೇಗೋ ಕಲೆಯ ವಿಷಯದಲ್ಲಿಯೂ ಹಾಗೆಯೇ. ಹೊಸ ದಾರಿ ಹಿಡಿದು ಹೊರಟ ಕಲಾವಿದನು ತನ್ನ ಹಳೆಯ ಧಾಟಿಗೆ ಮರಳಿದರೆ ಅದನ್ನು ವಿವೇಕವೆನ್ನಬೇಕೋ, ಸೋಲೆನ್ನಬೇಕೋ? ಈ ಪ್ರಶ್ನೆಯನ್ನು ಕುರಿತು ನನಗೆ ತೋಚಿದ ನಾಲ್ಕು ಮಾತುಗಳನ್ನು ಗುರುಗಳ ಹಾಗೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಪ್ರಶ್ನೆ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ. ವಿದ್ಯಾರ್ಥಿನಿಲಯದ ನಮ್ಮ ಕೊಠಡಿಯಲ್ಲಿ. ನನ್ನ ಜೊತೆಯಲ್ಲಿರುವ ಮಿತ್ರನು ಪಾಶ್ಚಾತ್ಯ ಸಂಗೀತದ ಪರಮಭಕ್ತ. ನಾನಾದರೋ ಕಾಲೇಜಿಗೆ ಬರುವ ತನಕ ರಾಕ್ ಸಂಗೀತವೆಂದರೆ ಗಲಾಟೆಯ ಇನ್ನೊಂದು ಹೆಸರೆಂದು ತಿಳಿದಿದ್ದವನು. ಒಂದು ಭಾನುವಾರ ಅವನು ತನ್ನ ಮೊಬೈಲಿನಿಂದ ಯು ಟೂ ಎಂಬ ಐರಿಷ್ ತಂಡದ ಎರಡು ಆಲ್ಬಮ್‌ಗಳನ್ನು ಒಂದರ ಹಿಂದೊಂದರಂತೆ ಕೇಳಿಸಿದನು. ಮೊದಲನೆಯದು 1997ರ 'ಪಾಪ್'; ಎರಡನೆಯದು 2000ದ 'ಆಲ್ ದಟ್ ಯು ಕಾಂಟ್ ಲೀವ್ ಬಿಹೈಂಡ್'. ಎರಡೂ ಹೊರಬಂದಾಗ ನಾವಿಬ್ಬರೂ ಹುಟ್ಟಿರಲೇ ಇಲ್ಲ. ಎರಡನೆಯದು ಚೆನ್ನಾಗಿದೆಯೆಂದು ನಾನು ಹೇಳಿದ್ದೇ ತಡ, ಮಿತ್ರನು ನಕ್ಕು, 'ನಿನಗೆ ಸುಲಭವಾದದ್ದು ಬೇಕು. ಮೊದಲನೆಯದು ಧೈರ್ಯಸ್ಥರ ಸಂಗೀತ, ಎರಡನೆಯದು ಹೆದರಿದವರದು' ಎಂದನು. ಅಂದು ದೀಪ ಆರಿಸುವವರೆಗೆ ನಡೆದ ವಾದ ಇಂದಿಗೂ ಮುಗಿದಿಲ್ಲ. ಅಲ್ಲಿ ಬಾಯಿಗೆ ಬಾರದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ತಂಡದ ಹೆಸರು ಕೇಳದವರಿಗಾಗಿ ಅದರ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. 1976ರಲ್ಲಿ ಡಬ್ಲಿನ್ ನಗರದ ಮೌಂಟ್ ಟೆಂಪಲ್ ಶಾಲೆಯ ಸೂಚನಾಫಲಕದ ಮೇಲೆ ಲ್ಯಾರಿ ಮಲನ್ ಎಂಬ ಹದಿನಾಲ್ಕು ವರ್ಷದ ಹುಡುಗನು, ವಾದ್ಯತಂಡ ಕಟ್ಟಲು ಜೊತೆಗಾರರು ಬೇಕೆಂದು ಒಂದು ಚೀಟಿ ಹಚ್ಚಿದನು. ಮೊದಲ ಕೂಟ ಸೇರಿದ್ದು ಅವನ ಮನೆಯ ಅಡಿಗೆಮನೆಯಲ್ಲಿ. ಕೊನೆಗೆ ಉಳಿದವರು ನಾಲ್ವರು: ಡ್ರಮ್ ಬಾರಿಸುವ ಲ್ಯಾರಿ, ಬೇಸ್ ಗಿಟಾರಿನ ಆಡಮ್ ಕ್ಲೇಟನ್, 'ದಿ ಎಡ್ಜ್' ಎಂಬ ಅಡ್ಡಹೆಸರಿನ ಗಿಟಾರ್ ವಾದಕ ಡೇವಿಡ್ ಎವನ್ಸ್, 'ಬೋನೋ' ಎಂಬ ಅಡ್ಡಹೆಸರಿನ ಗಾಯಕ ಪಾಲ್ ಹ್ಯೂಸನ್. 1980ರಲ್ಲಿ 'ಬಾಯ್' ಎಂಬ ಮೊದಲ ಆಲ್ಬಮ್ ಬಂದಿತು. 1984ರಿಂದ ಬ್ರಯಾನ್ ಈನೋ, ಡೇನಿಯಲ್ ಲಾನ್ವಾ ಎಂಬ ಇಬ್ಬರು ನಿರ್ಮಾಪಕರು ಇವರ ಬೆನ್ನಿಗೆ ನಿಂತರು. 1987ರ 'ದಿ ಜೋಶುವಾ ಟ್ರೀ' ಇವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿತು. ಎಡ್ಜ್‌ನ ಗಿಟಾರಿನಲ್ಲಿ ಒಂದು ವಿಶೇಷವಿತ್ತು. ಒಮ್ಮೆ ಮೀಟಿದ ಸ್ವರವನ್ನು ಯಂತ್ರದ ಮೂಲಕ ಕ್ಷಣಾರ್ಧ ತಡೆದು ಮತ್ತೆ ಮತ್ತೆ ಕೇಳಿಸುವುದು. ಬೆಟ್ಟದ ಬುಡದಲ್ಲಿ ನಿಂತು ಕೂಗಿದರೆ ಬರುವ ಮಾರ್ದನಿಯಂತೆ. ಆ ಮಾರ್ದನಿಯ ಮೇಲೆ ಬೋನೋ ಎತ್ತರದ ಕಂಠದಲ್ಲಿ, ಕೇಳಿದವರು ಕೂಡಲೇ ಹಿಂದಿರುಗಿಸಿ ಹಾಡಬಹುದಾದಂಥ ಮಟ್ಟುಗಳನ್ನು ಹಾಡುತ್ತಿದ್ದನು. ಇದೇ ಅವರ ಹಳೆಯ ಧಾಟಿ.

ಆದರೆ ಕೀರ್ತಿಯೂ ಒಂದು ಬಗೆಯ ಬಂದೀಖಾನೆ. ತಮ್ಮ ಧಾಟಿ ತಮಗೇ ಬೇಸರವಾಗಿ, ಜರ್ಮನಿಯ ಎರಡು ಭಾಗಗಳು ಒಂದಾದ 1990ರ ಅಕ್ಟೋಬರಿನಲ್ಲಿಯೇ ಇವರು ಬರ್ಲಿನ್ನಿಗೆ ಹೋದರು. ಅಲ್ಲಿಯ ಹಾನ್ಸಾ ಸ್ಟುಡಿಯೋದಲ್ಲಿ ಜಗಳವಾಡುತ್ತ, ತಂಡ ಒಡೆಯುವ ಹಂತಕ್ಕೆ ಬಂದು, ಕೊನೆಗೆ 1991ರಲ್ಲಿ 'ಅಖ್ತುಂಗ್ ಬೇಬಿ' ಎಂಬ ಹೊಸ ಬಗೆಯ ಆಲ್ಬಮ್ಮನ್ನು ಹೊರತಂದರು. ಯಂತ್ರದ ಸದ್ದು, ಕರ್ಕಶ ನಾದ, ವ್ಯಂಗ್ಯ, ಇವೆಲ್ಲ ಅದರಲ್ಲಿ ಸೇರಿದವು. ಇದು ದೊಡ್ಡ ಸಾಧನೆಯೆಂಬುದನ್ನು ನನ್ನ ಮಿತ್ರನಷ್ಟೇ ದೃಢವಾಗಿ ನಾನೂ ಒಪ್ಪುತ್ತೇನೆ. ಮನೆಯಲ್ಲೇ ಕುಳಿತವನಿಗೆ ಮನೆಯ ಬೆಲೆ ತಿಳಿಯುವುದಿಲ್ಲ, ಹೊರಟಿದ್ದು ತಪ್ಪಲ್ಲ.

ತಪ್ಪು ಆದದ್ದು ಅವಸರದಲ್ಲಿ. 'ಪಾಪ್' ಆಲ್ಬಮ್ಮಿನ ಕೆಲಸ ಆರಂಭವಾದಾಗ ಲ್ಯಾರಿ ಬೆನ್ನುನೋವಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ದೂರವಿದ್ದನು. ಉಳಿದವರು ನೃತ್ಯಸಂಗೀತದ ಪದ್ಧತಿಯಂತೆ ಮುದ್ರಿಸಿದ ತಾಳದ ತುಣುಕುಗಳನ್ನು ಜೋಡಿಸುತ್ತ ಹಾಡು ಕಟ್ಟತೊಡಗಿದರು. ಅಷ್ಟರಲ್ಲಿ ಪ್ರವಾಸದ ದಿನಾಂಕಗಳು ಗೊತ್ತಾಗಿಬಿಟ್ಟಿದ್ದವು. ಅಡಿಗೆ ಬೇಯುವ ಮೊದಲೇ ಎಲೆ ಹಾಕಿ ಜನರನ್ನು ಕೂರಿಸಿದಂತಾಯಿತು. 1997ರ ಮಾರ್ಚಿಯಲ್ಲಿ ಆಲ್ಬಮ್ ಹೊರಬಂದಿತು. ಏಪ್ರಿಲ್ 25ರಂದು ಲಾಸ್ ವೇಗಸ್ಸಿನಲ್ಲಿ 'ಪಾಪ್‌ಮಾರ್ಟ್' ಪ್ರವಾಸ ಆರಂಭವಾಯಿತು. ವೇದಿಕೆಯ ಮೇಲೆ ಬೃಹದಾಕಾರದ ಪರದೆ, ಹಳದಿ ಕಮಾನು, ಸುಮಾರು ನಲವತ್ತು ಅಡಿ ಎತ್ತರದ, ಕನ್ನಡಿ ಹಚ್ಚಿದ ಒಂದು ನಿಂಬೆಹಣ್ಣು! ಆ ನಿಂಬೆಹಣ್ಣು ತೆರೆದು ಒಳಗಿನಿಂದ ನಾಲ್ವರೂ ಇಳಿದು ಬರಬೇಕು. ಓಸ್ಲೋ ನಗರದಲ್ಲಿ ಅದು ಸರಿಯಾಗಿ ತೆರೆಯದೆ ಒಳಗೇ ಸಿಕ್ಕಿಕೊಂಡು, ಹಿಂಬದಿಯಿಂದ ಹೊರಬರಬೇಕಾಯಿತು. ಬಳಕೆಯ ವಸ್ತುಗಳ ಮೋಹವನ್ನು ಗೇಲಿ ಮಾಡಲು ಹೊರಟವರು ತಾವು ಮಾಡಿಸಿದ ವಸ್ತುವಿನೊಳಗೆ ತಾವೇ ಬಂದಿಗಳಾದರು. ವಿಡಂಬನೆಗೆ ಇದಕ್ಕಿಂತ ಬೇರೆ ಶಿಕ್ಷೆ ಬೇಕಿಲ್ಲ.

ಆದರೂ ಈ ಪ್ರವಾಸವನ್ನು ಬರಿಯ ಆಡಂಬರವೆಂದು ತಳ್ಳಿಹಾಕಿದರೆ ಅನ್ಯಾಯವಾದೀತು. ಅದೇ ವರ್ಷದ ಸೆಪ್ಟೆಂಬರ್ 23ರಂದು, ಯುದ್ಧದಿಂದ ಜರ್ಜರಿತವಾಗಿದ್ದ ಸರಾಯೆವೋ ನಗರದಲ್ಲಿ ಇವರು ಹಾಡಿದರು. ಅಂದು ಬೋನೋನ ಕಂಠ ಕೈಕೊಟ್ಟಿತು; ಹಾಡನ್ನು ಮುಂದಕ್ಕೆ ನಡೆಸಿದವರು ನೆರೆದ ಜನ. ನಿಂಬೆಹಣ್ಣಿಗೂ ಪರದೆಗೂ ಆಗದ ಕೆಲಸವನ್ನು ಜನರ ಬಾಯಲ್ಲಿ ನಿಂತಿದ್ದ ಮಟ್ಟು ಮಾಡಿತು. ಮೂರು ವರ್ಷಗಳ ಬಳಿಕ ಇವರು ಕೈಗೊಂಡ ನಿರ್ಧಾರದ ಬೀಜ ಆ ಸಂಜೆಯಲ್ಲಿಯೇ ಬಿದ್ದಿತೆಂದು ನಾನು ಸಾಧಿಸಲಾರೆ. ಆದರೆ ಅದರ ನ್ಯಾಯ ಆ ಸಂಜೆಯಲ್ಲಿಯೇ ಕಾಣುತ್ತದೆ.

'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಎಂಬುದು ನಮ್ಮ ಗಾದೆ. 'ಪಾಪ್' ಹಿಂದಿನವುಗಳಷ್ಟು ಮಾರಾಟವಾಗಲಿಲ್ಲ. ತಮಗೆ ಸಾಕಷ್ಟು ಕಾಲ ಸಿಗಲಿಲ್ಲವೆಂದು ತಂಡದವರೇ ಹೇಳಿಕೊಂಡರು. ಅದರ ಕೆಲವು ಹಾಡುಗಳನ್ನು 2002ರ ಸಂಕಲನಕ್ಕಾಗಿ ಮತ್ತೆ ತಿದ್ದಿದರು. ಮುಂದಿನ ಆಲ್ಬಮ್ಮಿಗಾಗಿ ಅವರು ಈನೋ, ಲಾನ್ವಾ ಇಬ್ಬರನ್ನೂ ಮರಳಿ ಕರೆದರು. ತುಣುಕುಗಳ ಜೋಡಣೆಯನ್ನು ಬದಿಗಿಟ್ಟು, ನಾಲ್ವರೂ ಡಬ್ಲಿನ್ನಿನಲ್ಲಿ ಒಂದೇ ಕೋಣೆಯಲ್ಲಿ ಎದುರುಬದುರಾಗಿ ನಿಂತು ನುಡಿಸಿದರು. ಅಡಿಗೆಮನೆಯಲ್ಲಿ ಆರಂಭವಾದ ಪದ್ಧತಿಗೆ ಇದು ಮರಳಿದಂತೆ. 2000ದ ಅಕ್ಟೋಬರ್ ಕೊನೆಯಲ್ಲಿ ಆಲ್ಬಮ್ ಹೊರಬಂದಿತು. ಅದು ಒಂದು ಕೋಟಿಗೂ ಹೆಚ್ಚು ಪ್ರತಿಗಳಲ್ಲಿ ಹರಡಿತು. ಅದರ ಹಾಡುಗಳಿಗೆ ಒಟ್ಟು ಏಳು ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ನನ್ನ ಮಿತ್ರನ ಆಕ್ಷೇಪ ಇಲ್ಲಿಯೇ ಇದೆ. 'ನೋಡಿದೆಯಾ, ಹಣ ಬಂತು, ಪ್ರಶಸ್ತಿ ಬಂತು. ಜನ ಕೇಳಿದ್ದನ್ನು ಕೊಟ್ಟರು. ವ್ಯಾಪಾರಿ ಮಾಡುವುದೂ ಇದನ್ನೇ ಅಲ್ಲವೇ?' ಎನ್ನುತ್ತಾನೆ. ಆಕ್ಷೇಪ ಹಗುರವಾದುದಲ್ಲ. ಇವರ ಮನಸ್ಸಿನಲ್ಲಿ ವ್ಯಾಪಾರದ ಯೋಚನೆ ಇರಲೇ ಇಲ್ಲವೆಂದು ನಂಬುವಷ್ಟು ಮುಗ್ಧನು ನಾನಲ್ಲ. ಆದರೆ ಆಲ್ಬಮ್ಮಿನ ಮೊದಲ ಹಾಡಾದ 'ಬ್ಯೂಟಿಫುಲ್ ಡೇ' ಹೇಗೆ ರೂಪುಗೊಂಡಿತೆಂಬುದನ್ನು ನೋಡಿದರೆ ಹೆದರಿದವರ ಲಕ್ಷಣ ಕಾಣುವುದಿಲ್ಲ. ಎಡ್ಜ್ ಆರಂಭದ ದಿನಗಳಿಂದ ಜೊತೆಯಲ್ಲಿದ್ದ ತನ್ನ ಗಿಬ್ಸನ್ ಎಕ್ಸ್‌ಪ್ಲೋರರ್ ಗಿಟಾರನ್ನು ಕೈಗೆತ್ತಿಕೊಂಡು ಹಳೆಯ ನಾದವನ್ನು ಎಬ್ಬಿಸಿದಾಗ, ಇದು ತೀರ ಹಿಂದಿನ ಯು ಟೂ ಆಗಿಬಿಡುತ್ತದೆಯೆಂದು ತಂಡದೊಳಗೇ ದೀರ್ಘ ಚರ್ಚೆ ನಡೆಯಿತು. ಹಳೆಯದನ್ನು ಮಾರಿ ಬದುಕಲು ನಿಶ್ಚಯಿಸಿದವರು ಹಳೆಯದು ಬಂದಾಗ ಚರ್ಚಿಸುತ್ತ ಕೂರುತ್ತಾರೆಯೇ? ಅದು ನಾಚಿಕೆಯ ಚರ್ಚೆ. ಪಟ್ಟಣದ ಮಿತ್ರರ ಮುಂದೆ ಊರಿನ ಮಾತು ಬಾಯಿಗೆ ಬಂದಾಗ ನಮಗೆ ಆಗುವ ನಾಚಿಕೆಯಂಥದ್ದು.

ಇನ್ನೊಂದು ಸಂಗತಿ. ಆ ಹಾಡನ್ನು ಕಿವಿಗೊಟ್ಟು ಕೇಳಿದರೆ ಮೊದಲು ಕೇಳಿಸುವುದು ಗಿಟಾರಲ್ಲ. ಯಂತ್ರದ ತಾಳ, ಅದರ ಹಿಂದೆ ಯಂತ್ರದ ಮೃದುವಾದ ನಾದ. ಹತ್ತು ವರ್ಷ ಹೊರಗೆ ತಿರುಗಿ ಕಲಿತದ್ದನ್ನು ಅವರು ಎಸೆದು ಬರಲಿಲ್ಲ. ಅದನ್ನು ಹೊಸಿಲಲ್ಲಿ ನಿಲ್ಲಿಸಿ, ಹಾಡನ್ನು ಒಳಮನೆಯಲ್ಲಿ ಇಟ್ಟರು. 'ಪಾಪ್'ನಲ್ಲಿ ಯಂತ್ರ ಯಜಮಾನನಾಗಿತ್ತು. ಇಲ್ಲಿ ಅದು ಆಳು. ಆದ್ದರಿಂದ ಇದು 1987ರ ಧಾಟಿಯ ನಕಲಲ್ಲ; ಹದಿಮೂರು ವರ್ಷ ದೊಡ್ಡವರಾದ ಅದೇ ನಾಲ್ವರ ದನಿ.

ಈ ಸರಳ ಮಟ್ಟುಗಳು ಅವರಿಗೆ ಏಕೆ ಬೇಕಾದವೆಂಬುದಕ್ಕೆ ಆಲ್ಬಮ್ಮಿನ ವಸ್ತುವೇ ಉತ್ತರ. ಒಂದು ಹಾಡು, 1997ರಲ್ಲಿ ತೀರಿಕೊಂಡ ಗಾಯಕ ಮಿತ್ರ ಮೈಕೆಲ್ ಹಚಿನ್ಸ್‌ನೊಡನೆ ಬೋನೋ ಬದುಕಿದ್ದಾಗ ಆಡಲಾಗದ ವಾಗ್ವಾದ. 'ಕೈಟ್' ಎಂಬ ಹಾಡು ತನ್ನ ಹೆಣ್ಣುಮಕ್ಕಳೊಡನೆ ಗಾಳಿಪಟ ಹಾರಿಸಲು ಹೋದ ಸಣ್ಣ ಪ್ರಸಂಗದಿಂದ ಹುಟ್ಟಿ, ಅವನಿಗೂ ಅವನ ತಂದೆಗೂ ನಡುವಿನ ಬೀಳ್ಕೊಡುಗೆಯಾಗಿ ಬೆಳೆಯಿತು. ತಂದೆ ಬಾಬ್ ಹ್ಯೂಸನ್ ಅಂಚೆ ಇಲಾಖೆಯ ನೌಕರ. ಆಪೆರಾ ಸಂಗೀತದ ಹುಚ್ಚಿದ್ದ ಒಳ್ಳೆಯ ಗಾಯಕ. ತಂದೆ ಮಗನ ನಡುವೆ ಮಾತು ಸುಲಭವಾಗಿರಲಿಲ್ಲ. 2001ರ ಆಗಸ್ಟ್ 21ರಂದು ಆತ ಕ್ಯಾನ್ಸರಿನಿಂದ ತೀರಿಕೊಂಡನು. ಆ ರಾತ್ರಿ ಬೋನೋ ಲಂಡನ್ನಿನಲ್ಲಿ ಹಾಡಿದನು. ಅದೇ ವಾರದ ಕೊನೆಗೆ, 1984ರಲ್ಲಿ ತಾವು ಆಲ್ಬಮ್ ಮುದ್ರಿಸಿದ್ದ ಸ್ಲೇನ್ ಕೋಟೆಯ ಬಯಲಿನಲ್ಲಿ ತನ್ನ ಜನರ ಮುಂದೆ ಹಾಡಿದನು. ಸಾಯುತ್ತಿರುವ ತಂದೆಗೆ ಹೇಳಬೇಕಾದ ಮಾತನ್ನು ವ್ಯಂಗ್ಯದಲ್ಲಿ ಹೇಳಲಾಗುತ್ತದೆಯೇ? ಕನ್ನಡಿಯ ನಿಂಬೆಹಣ್ಣಿನೊಳಗಿನಿಂದ ಹೇಳಲಾಗುತ್ತದೆಯೇ? ಅದಕ್ಕೆ ಬೇಕಾದುದು ಮರೆಯಿಲ್ಲದ ಮಾತು, ಮರೆಯಿಲ್ಲದ ಮಟ್ಟು. ಹೆದರಿದವನು ಮರೆಯನ್ನು ಹುಡುಕುತ್ತಾನೆ. ಇವರು ಮರೆಯಿಂದ ಹೊರಗೆ ಬಂದರು.

ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ತಂದೆಯವರು ನಾಲ್ಕನೆಯ ತರಗತಿ ದಾಟಿದವರಲ್ಲ. ಆದರೆ ಸೋಮವಾರದ ಭಜನೆಯಲ್ಲಿ ತಂಬೂರಿ ಹಿಡಿದು ತತ್ತ್ವಪದ ಹಾಡಲು ಕುಳಿತರೆ ಗುಡಿಯ ಮುಂದೆ ಹಾದುಹೋಗುವವರು ನಿಲ್ಲುತ್ತಾರೆ. ಮನೆಯಲ್ಲಿ 'ಅಪ್ಪ' ಎನ್ನುವ ನಾನು ಇಲ್ಲಿ 'ತಂದೆಯವರು' ಎಂದು ಬರೆಯುತ್ತಿರುವುದೂ ಕಾಲೇಜು ಕಲಿಸಿದ ಪಾಠವೇ. ಎರಡನೆಯ ವರ್ಷದಲ್ಲಿ ಗಾಯನ ಸ್ಪರ್ಧೆಗೆ ನಾನು ಹೆಸರು ಕೊಟ್ಟೆ. ಅವರಿಂದ ಕಲಿತ ಪದವನ್ನೇ ಆರಿಸಿಕೊಂಡೆ. ಆದರೆ ಅದು ತೀರ ಹಳ್ಳಿಯದೆನಿಸಬಾರದೆಂದು ಹಿನ್ನೆಲೆಗೆ ಮೊಬೈಲಿನ ತಾಳ ಸೇರಿಸಿದೆ, ಸಾಲು ಸಾಲಿಗೂ ಆಲಾಪ ಎಳೆದೆ, ಉಚ್ಚಾರವನ್ನು ತಿದ್ದಿದೆ. ಎರಡನೆಯ ಬಹುಮಾನ ಬಂದಿತು. ಸಂತೆಯ ಕೆಲಸ ಮುಗಿಸಿಕೊಂಡು ತಂದೆಯವರೂ ಬಂದು ಹಿಂದಿನ ಸಾಲಿನಲ್ಲಿ ನಿಂತು ಕೇಳಿದ್ದರು. ಬಸ್ ನಿಲ್ದಾಣದವರೆಗೆ ನಾನು ಜೊತೆಗೆ ನಡೆದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, 'ಎಲ್ಲಾ ಚೆಂದಾಗಿತ್ತು ಕಣಪ್ಪಾ. ಪದ ಮಾತ್ರ ಕೇಳುಸ್ನಿಲ್ಲ' ಎಂದು ಬಸ್ ಹತ್ತಿದರು.

ಅಂದು ನನಗೆ ಕೋಪ ಬಂದಿತ್ತು. ಹಾಡುಗಾರಿಕೆಯ ಹೊಸ ರೀತಿ ಇವರಿಗೇನು ತಿಳಿದೀತು ಎಂದುಕೊಂಡೆ. ಆ ಭಾನುವಾರ 'ಪಾಪ್' ಮುಗಿದು ಮುಂದಿನ ಆಲ್ಬಮ್ ಆರಂಭವಾದಾಗ, ಯಾರೋ ದೂರದೇಶದವರು ನನ್ನ ತಂದೆಯವರ ಮಾತಿಗೆ ಉತ್ತರ ಕೊಡುತ್ತಿರುವಂತೆ ತೋರಿತು. ಪದ ಕೇಳಿಸಬೇಕು, ಉಳಿದದ್ದೆಲ್ಲ ಆಮೇಲೆ. ಹಾಗೆಂದು ನಾನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಗಂಟುಕಟ್ಟಿ ಹೊಳೆಗೆ ಎಸೆಯಬೇಕೆಂದು ಅರ್ಥವಲ್ಲ. ಆ ಪದದ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಇಲ್ಲಿ ಗುರುಗಳು ವಚನ, ತತ್ತ್ವಪದಗಳ ಪಾಠ ಮಾಡಿದ ಮೇಲೆಯೇ. ಹೊರಗೆ ಹೋಗದಿದ್ದರೆ ನನಗೆ ಅದು ಬರಿಯ ಬಾಯಿಪಾಠವಾಗಿ ಉಳಿಯುತ್ತಿತ್ತು.

ನನ್ನ ವಾದಕ್ಕೆ ನಾನೇ ಒಂದು ಎಲ್ಲೆಯನ್ನು ಹಾಕಬೇಕು. ಒಮ್ಮೆ ಹಿಂದಿರುಗುವುದು ಬೇರೆ, ಹಿಂದಿರುಗುವುದನ್ನೇ ಕಸುಬಾಗಿ ಮಾಡಿಕೊಳ್ಳುವುದು ಬೇರೆ. ಇದೇ ತಂಡ 2014ರಲ್ಲಿ ತನ್ನ ಬಾಲ್ಯದ ನೆನಪಿನ ಹಾಡುಗಳನ್ನು ಆಪಲ್ ಸಂಸ್ಥೆಯ ಮೂಲಕ ಕೋಟ್ಯಂತರ ಜನರ ಸಂಗ್ರಹಕ್ಕೆ ಕೇಳದೆಯೇ ಸೇರಿಸಿದಾಗ ಅನೇಕರು ಸಿಟ್ಟಾದರು. ಕರೆಯದೆ ಬಂದ ನೆಂಟನಿಗೆ ಯಾರು ತಾನೆ ಮಣೆ ಹಾಕುತ್ತಾರೆ? 2019ರ ಡಿಸೆಂಬರಿನಲ್ಲಿ ಭಾರತಕ್ಕೆ ಮೊದಲ ಬಾರಿಗೆ ಬಂದು ಮುಂಬಯಿಯ ಬಳಿ ಹಾಡಿದಾಗ ಅವರು ತಂದದ್ದು 1987ರ ಆಲ್ಬಮ್ಮನ್ನೇ, ಎ. ಆರ್. ರಹಮಾನರೊಡನೆ ಮಾಡಿದ 'ಅಹಿಂಸಾ' ಎಂಬ ಹೊಸ ಹಾಡೂ ಜೊತೆಗಿತ್ತೆಂಬುದು ಸಮಾಧಾನ. 2023ರಲ್ಲಿ ತಮ್ಮ ನಲವತ್ತು ಹಳೆಯ ಹಾಡುಗಳನ್ನೇ ಮತ್ತೆ ಹಾಡಿ ಹೊರತಂದರು. ಅವುಗಳಲ್ಲಿ ಕೆಲವು ಚೆನ್ನಾಗಿವೆ. ಆದರೆ 2000ದ ಆಲ್ಬಮ್ಮಿನಲ್ಲಿರುವ ಅಗತ್ಯ ಇವುಗಳಲ್ಲಿ ನನಗೆ ಕಾಣಲಿಲ್ಲ. ಅಂದು ಅವರಿಗೆ ಹೇಳಬೇಕಾದ ಮಾತಿತ್ತು, ಅದಕ್ಕೆ ಹಳೆಯ ಧಾಟಿ ಬೇಕಾಯಿತು. ಆಮೇಲೆ ಧಾಟಿ ಕೈಯಲ್ಲಿತ್ತು, ಮಾತನ್ನು ಹುಡುಕಬೇಕಾಯಿತು. ಈ ವ್ಯತ್ಯಾಸವನ್ನು ಮರೆತರೆ ನನ್ನ ಮಿತ್ರನ ಆಕ್ಷೇಪವೇ ಗೆಲ್ಲುತ್ತದೆ.

ಆದ್ದರಿಂದ ಹಿಂದಿರುಗಿದವನನ್ನು ಅಳೆಯಲು 'ಏಕೆ ಬಂದ?' ಎಂದು ಕೇಳುವುದಕ್ಕಿಂತ 'ಏನನ್ನು ತಂದ?' ಎಂದು ಕೇಳುವುದು ಮೇಲು. ಬರಿಗೈಯಲ್ಲಿ ಬಂದು ಹಳೆಯ ಕಥೆ ಹೇಳುತ್ತ ಕುಳಿತರೆ ಅರಳಿಕಟ್ಟೆಯವರ ಮಾತು ನಿಜ. ದಾರಿಯಲ್ಲಿ ಕಲಿತದ್ದನ್ನು ತಂದು ಮನೆಯ ಕೆಲಸಕ್ಕೆ ಹಚ್ಚಿದರೆ ಅದು ಸೋಲಲ್ಲ. ಆ ಆಲ್ಬಮ್ಮಿನ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ನೀನು ಬಿಟ್ಟು ಬರಲಾಗದ್ದೆಲ್ಲ' ಎನ್ನಬಹುದು. ಹೊರಡುವಾಗ ಏನನ್ನು ಬಿಡಬಹುದು, ಏನನ್ನು ಬಿಡಲಾಗದು ಎಂಬುದು ಹೊರಟ ಮೇಲೆಯೇ ತಿಳಿಯುವಂಥದ್ದು.

ಇನ್ನು ಕೆಲವು ವಾರಗಳಲ್ಲಿ ಅಂತಿಮ ಪರೀಕ್ಷೆಗಳು ಮುಗಿಯುತ್ತವೆ, ಅಂತಿಮ ಬಿ.ಎ. ವರ್ಗದ ನಾವೆಲ್ಲ ಪೆಟ್ಟಿಗೆ ಕಟ್ಟಬೇಕು. ಕೆಲಸ ಎಲ್ಲಿ ಸಿಗುವುದೋ, ಯಾವ ಊರಿನ ನೀರಿನ ಋಣವೋ ತಿಳಿಯದು. ಮೊದಲ ಸೋಮವಾರ ಮಾತ್ರ ಊರಿನ ಗುಡಿಯಲ್ಲಿರಬೇಕೆಂದು ನಿಶ್ಚಯಿಸಿದ್ದೇನೆ. ಹಾಡುವುದಕ್ಕಲ್ಲ; ಅಪ್ಪ ಹಾಡುವಾಗ ತಾಳ ಹಿಡಿಯುವುದಕ್ಕೆ. ನನ್ನ ಮಿತ್ರನೂ ಬರುತ್ತೇನೆಂದು ಹೇಳಿದ್ದಾನೆ. 'ಪಾಪ್' ಉತ್ತಮ ಆಲ್ಬಮ್ಮೆಂಬ ಅವನ ಅಭಿಪ್ರಾಯ ಮಾತ್ರ ಈ ಲೇಖನವನ್ನು ಓದಿದ ಮೇಲೂ ಬದಲಾಗಿಲ್ಲ.